ಸಪ್ಪಳ ಹಿಡಿಯುವ ಮಾಮಾ

ಊಟಕ್ಕೆ ಕೂತರೆ ನನ್ನ ಮೂಗು ತಾನಾಗಿಯೇ 'ಗುಂ...' ಎನ್ನುತ್ತದೆ. ನಾನು ಬೇಕೆಂದು ಮಾಡುವುದಲ್ಲ. ತಟ್ಟೆ ಬಂತು, ರೊಟ್ಟಿ ಬಂತು, ಮೊದಲ ತುತ್ತು ಒಳಗೆ ಹೋಯಿತು ಎನ್ನುವಷ್ಟರಲ್ಲಿ ಮೂಗಿನೊಳಗೆಲ್ಲೋ ಯಾರೋ ತಂಬೂರಿ ಮೀಟಿದಂತಾಗುತ್ತದೆ. "ಉಣ್ಣಾಕತ್ತೀಯೋ, ದುಂಬಿ ನುಂಗೀಯೋ?" ಎಂದು ಅವ್ವ ದಿನಕ್ಕೆರಡು ಸಲ ಕೇಳುತ್ತಾಳೆ. ಹೋದ ವರ್ಷ ಚಿಟಗುಪ್ಪಕ್ಕೆ ಹೆಣ್ಣು ನೋಡಲು ಹೋದಾಗ ಅವರು ಕೊಟ್ಟ ಉಪ್ಪಿಟ್ಟನ್ನು ಬಾಯಿಗಿಟ್ಟೆ ನೋಡಿ, ಮೂಗು ಸುರುಮಾಡಿತು. ಹುಡುಗಿಯ ಅಪ್ಪ ಅತ್ತಿತ್ತ ನೋಡಿದರು, ಮೇಲೆ ನೋಡಿದರು, ಕೊನೆಗೆ ಎದ್ದು ಹೋಗಿ ಹುಳ ಹೊರಗೆ ಹೋಗಲೆಂದು ಕಿಟಕಿ ತೆರೆದು ಬಂದರು. ಆ ಸಂಬಂಧ ಕೂಡಿಬರಲಿಲ್ಲ. ಮೂಗಿನ ಸಪ್ಪಳದಿಂದ ತಪ್ಪಿತು ಎಂದು ಅವ್ವ ಹೇಳುತ್ತಾಳೆ. ಸಪ್ಪಳ ಬಿಡು, ಮೂಗು ನೋಡಿಯೇ ತಪ್ಪಿತು ಎಂದು ನನ್ನ ತಂಗಿ ಹೇಳುತ್ತಾಳೆ.

ಇದಕ್ಕೆಲ್ಲ ಕಾರಣ ನಮ್ಮ ಸೂರ್ಯಕಾಂತ ಮಾಮಾ. ಅವ್ವನ ತಮ್ಮ. ಹುಮನಾಬಾದದ ಬಸ್‌ಸ್ಟ್ಯಾಂಡಿನ ಹತ್ತಿರ ಅವರದೊಂದು ರೇಡಿಯೋ ರಿಪೇರಿ ಅಂಗಡಿ. ಒಳಗೆ ಇಬ್ಬರು ಕೂಡಬಹುದು. ಮೂರನೆಯವನು ಬಂದರೆ ಒಬ್ಬ ಉಸಿರು ಬಿಗಿಹಿಡಿಯಬೇಕು. ರೇಡಿಯೋ ರಿಪೇರಿ ಅವರ ಹೊಟ್ಟೆಪಾಡು, ಅಷ್ಟೇ. ಅವರ ಜೀವವಿದ್ದದ್ದು ಅವರೇ ಕಟ್ಟಿದ 'ಕರೆಂಟ್ ಪೇಟಿ'ಯಲ್ಲಿ. ಯಾವುದೋ ಭಜನೆಯವರು ಬಿಸಾಡಿದ ಹಾರ್ಮೋನಿಯಂನ ಹೊಟ್ಟೆ ಬಗೆದು, ತಿದಿ ಕಿತ್ತುಹಾಕಿ, ಅದರ ಜಾಗದಲ್ಲಿ ಸತ್ತ ರೇಡಿಯೋಗಳ ಕರುಳು ತುಂಬಿದ್ದರು. ಅದರ ಕರಿ-ಬಿಳಿ ಮನೆ ಒತ್ತಿದರೆ ಸ್ವರ ಹೊರಡುತ್ತಿತ್ತು, ಆದರೆ ಹಾರ್ಮೋನಿಯಂನ ಹಾಗೆ ಚೀರುತ್ತಿರಲಿಲ್ಲ. ಮಣ್ಣಿನ ಗಡಿಗೆಯೊಳಗೆ ಬಾಯಿಟ್ಟು ಯಾರೋ ಮೆಲ್ಲಗೆ ಹಾಡಿದ ಹಾಗೆ ಗುಂಯ್‌ಗುಡುತ್ತಿತ್ತು. ಬೆರಳು ತೆಗೆಯುವತನಕ ನಿಲ್ಲುತ್ತಿರಲಿಲ್ಲ. ಒಮ್ಮೊಮ್ಮೆ ತೆಗೆದರೂ ನಿಲ್ಲುತ್ತಿರಲಿಲ್ಲ. ಆಗ ಮಾಮಾ ಪಕ್ಕಕ್ಕೊಂದು ಗುದ್ದು ಕೊಡುತ್ತಿದ್ದರು.

ಬಸವಕಲ್ಯಾಣದ ಮಹಬೂಬ ಸಾಹೇಬರಿಗೆ ಒಂದು ಮೈಕ್‌ಸೆಟ್ಟು, ಅದರ ಹಿಂದೆ ಒಂದು ಸಣ್ಣ ಆರ್ಕೆಸ್ಟ್ರಾ ಪಾರ್ಟಿ. ಸುತ್ತಲಿನ ಹಳ್ಳಿಗಳ ಮದುವೆಗಳೆಲ್ಲ ನಮ್ಮವೇ. ಮಾಮಾ ಅದರಲ್ಲಿ ಊಟದ ಬಾಜಾ ಬಾರಿಸುತ್ತಿದ್ದರು. ನಾನು ಹಾಡು ಹಾಡಿನ ನಡುವೆ ಎದ್ದು ನಿಂತು ಮಿಮಿಕ್ರಿ ಮಾಡುವವನು. ಪಿಯುಸಿಯಲ್ಲಿ ಎರಡು ಸಲ ಕೂತು ಎರಡು ಸಲವೂ ಎದ್ದು ಬಂದ ಮೇಲೆ ನನಗೆ ದೇವರು ಉಳಿಸಿದ್ದ ಉದ್ಯೋಗ ಅದೊಂದೇ. ಆದರೆ ಆ ಕಲೆ ಹುಟ್ಟಿನಿಂದಲೇ ಇತ್ತೆಂದು ಇಟ್ಟುಕೊಳ್ಳಿ. ಏಳನೇ ಇಯತ್ತೆಯಲ್ಲಿದ್ದಾಗ ಹುಮನಾಬಾದ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದ ಒಂದು ಖಾಲಿ ಬಸ್ಸಿನ ಬಾಗಿಲಿಗೆ ಜೋತುಬಿದ್ದು ಕಂಡಕ್ಟರನ ದನಿಯಲ್ಲಿ "ಕಲ್ಯಾಣ ಕಲ್ಯಾಣ ಕಲ್ಯಾಣ, ಯಾರ್ ಬರ್ತೀರಿ ಜಲ್ದಿ ಬರ್ರಿ" ಎಂದೆ. ಹನ್ನೊಂದು ಜನ ಹತ್ತಿ ಕೂತರು. ಒಬ್ಬ ಮುದುಕ ಎರಡು ಆಡುಗಳನ್ನೂ ಹತ್ತಿಸಿದ. ಆ ಬಸ್ಸಿಗೆ ಮುಂದಿನ ಗಾಲಿಯೇ ಇರಲಿಲ್ಲವೆಂಬುದು ಅವರಿಗೆ ಮುಕ್ಕಾಲು ತಾಸಿನ ಮೇಲೆ ತಿಳಿಯಿತು. ನನ್ನ ಬೆನ್ನಿಗೆ ಅವತ್ತೇ ತಿಳಿಯಿತು.

ಊಟದ ಬಾಜಾ ಎಂದರೇನೆಂದು ಹೇಳಬೇಕು. ಅಕ್ಕಿಕಾಳು ಬಿದ್ದು, ಗದ್ದಲ ಮುಗಿದು, ಪಂಗತಿ ಕೂತಾಗ ಹಾಡು ಬೇಡ, ಕುಣಿತ ಬೇಡ. ಜನ ಉಣ್ಣಬೇಕು, ಬೀಗರು ತಣ್ಣಗಿರಬೇಕು. ಆಗ ಮಾಮಾ ಕರೆಂಟ್ ಪೇಟಿಯ ಮೇಲೆ ಎರಡೋ ಮೂರೋ ಬೆರಳಿಟ್ಟು ಕಣ್ಣು ಮುಚ್ಚುತ್ತಿದ್ದರು. ಸ್ವರ ಹೊಗೆಯ ಹಾಗೆ ಹಂದರದ ತುಂಬ ಹರಡಿ ನಿಲ್ಲುತ್ತಿತ್ತು. ಹತ್ತು ನಿಮಿಷಕ್ಕೊಮ್ಮೆ ಒಂದು ಬೆರಳು ಸರಿಸಿದರೆ ಅದೇ ದೊಡ್ಡ ಘಟನೆ. ಅದರೊಳಗೆ ಕೂತು ಜನ ಸಾವಕಾಶ ಉಣ್ಣುತ್ತಿದ್ದರು, ಸಾವಕಾಶ ಮಾತಾಡುತ್ತಿದ್ದರು. ಜಗಳಕ್ಕೆಂದೇ ಬಂದ ಬೀಗರ ಕಡೆಯ ಸೋದರಮಾವಂದಿರು ಕೂಡ ಇನ್ನೊಂದು ಸೌಟು ಹುಗ್ಗಿ ಹಾಕಿಸಿಕೊಂಡು ಸುಮ್ಮನಾಗುತ್ತಿದ್ದರು. ಸೂರ್ಯಕಾಂತನ ಬಾಜಾ ಇದ್ದ ಮದುವೆಯಲ್ಲಿ ಒಂದು ಹಂಡೆ ಹುಗ್ಗಿ ಹೆಚ್ಚು ಬೇಯಿಸಬೇಕೆಂದು ಅಡಿಗೆಯವರ ಲೆಕ್ಕ.

ಆರು ವರ್ಷ ನಾನು ಆ ಗುಂಯ್ಯಿನೊಳಗೇ ಉಂಡೆ. ಮೂಗು ಕಲಿಯದೆ ಏನು ಮಾಡೀತು?

ಆದರೆ ಒಂದು ಮಾತು. ಆ ಬಾಜಾವನ್ನು ಯಾರೂ ಕೇಳುತ್ತಿರಲಿಲ್ಲ. ಕರೆಂಟ್ ಹೋಗಿ ಪೇಟಿ ನಿಂತರೆ ಮಾತ್ರ ಎಲ್ಲರೂ ತಲೆ ಎತ್ತಿ, "ಏನಾತ್ರಿ? ಏನೋ ಆತಲ್ಲ?" ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು. ಏನಾಯಿತೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಪಲ್ಯಕ್ಕೆ ಉಪ್ಪು ಕಡಿಮೆಯಾಗಿರಬೇಕೆಂದು ಉಪ್ಪು ಕೇಳಿದವರೂ ಉಂಟು.

ಒಂದು ಮದುವೆಯಿಂದ ಟೆಂಪೋದಲ್ಲಿ ಬರುವಾಗ ಮಾಮಾ ಭೋಂಗಾಗಳ ನಡುವೆ ಕೂತು (ಮೈಕಿನ ಆ ದೊಡ್ಡ ತಗಡಿನ ಹೂವುಗಳಿಗೆ ನಮ್ಮ ಕಡೆ ಭೋಂಗಾ ಎನ್ನುತ್ತಾರೆ) ಇದ್ದಕ್ಕಿದ್ದಂತೆ ಕೇಳಿದರು:

"ಲೇ ಶಿವ್ಯಾ, ಹನ್ನೆರಡು ವರ್ಷ ಆತು ಬಾರಸ್ಲಿಕತ್ತು. ಸುರುದಿಂದ ಮುಗಿಯೋತನಕ ಒಬ್ಬರಾದ್ರೂ ಕೇಳ್ಯಾರೇನು?"

"ನಾ ಕೇಳೀನಲ್ರಿ ಮಾಮಾ."

"ನೀ ಉಂಡೀದಿ."

ನಾನು ಅದಕ್ಕೂ ನಕ್ಕೆ. ನನಗೆ ಎಲ್ಲದಕ್ಕೂ ನಗುವುದೊಂದು ರೋಗ. ಮಾಮಾ ನಗಲಿಲ್ಲ. "ಒಬ್ಬರು ಸಾಕಲೇ. ಒಬ್ಬರು ಪೂರಾ ಕೇಳಿ ಎದ್ದು ಹೋದ್ರ ಸಾಕು, ಪೇಟಿ ಮುಚ್ಚಿ ಇಟ್ಟೇನು" ಎಂದು ಭೋಂಗಾಕ್ಕೆ ಒರಗಿ ಕಣ್ಣು ಮುಚ್ಚಿದರು.

ಅದೇ ಮಳೆಗಾಲದಲ್ಲಿ ಅವರ ಅಂಗಡಿಗೆ ಒಂದು ಟೇಪ್ ರೆಕಾರ್ಡರ್ ಬಂತು. ಎರಡು ದೊಡ್ಡ ಚಕ್ರಗಳ ಮೇಲೆ ಕಂದು ಬಣ್ಣದ ಪಟ್ಟಿ ಸುತ್ತುವಂಥ ಹಳೆಯದು. ರಿಪೇರಿಗೆ ಕೊಟ್ಟ ಮಾಸ್ತರರು ವರ್ಗವಾಗಿ ಹೋಗುವಾಗ "ನೀವೇ ಇಟಗೋರಿ, ಅದನ್ನ ಹೊರೋದಕ್ಕಿಂತ ಎಮ್ಮಿ ಹೊರೋದು ಹಗುರ" ಎಂದು ಬಿಟ್ಟುಹೋದರು. ಮಾಮಾ ಅದರಲ್ಲಿ ತಮ್ಮ ಊಟದ ಬಾಜಾವನ್ನೇ ತುಂಬಿ, ತಿರುಗಿ ಹಚ್ಚಿದರು. ಅಷ್ಟರಲ್ಲಿ ಒಳಗಿನ ಹಳೆಯ ರಬ್ಬರ್ ಬೆಲ್ಟು ಸಡಿಲಾಗಿತ್ತು. ಚಕ್ರ ತೂಕಡಿಸುತ್ತ ತಿರುಗಿ, ಅವರ ಬಾಜಾ ಬಾವಿಯ ತಳದಲ್ಲಿ ಬಸವಣ್ಣ ಗುಟುರು ಹಾಕಿದಂತೆ ಹೊರಗೆ ಬಂತು.

ಬೇರೆ ಯಾರಾದರೂ ಆಗಿದ್ದರೆ ಬೆಲ್ಟು ಬದಲಿಸುತ್ತಿದ್ದರು. ಮಾಮಾ ಬೆಲ್ಟನ್ನು ಇನ್ನಷ್ಟು ಸಡಿಲು ಮಾಡಿದರು.

ಅಲ್ಲಿಂದ ಸುರು ನೋಡಿ. ಕಂಡದ್ದನ್ನೆಲ್ಲ ಟೇಪಿಗೆ ಹಿಡಿಯುವುದು, ಹಿಡಿದದ್ದನ್ನೆಲ್ಲ ಸಾವಕಾಶ ಮಾಡುವುದು, ಒಂದರ ಮೇಲೊಂದು ಕೂಡಿಸುವುದು, ಕೆಳಗೆ ಕರೆಂಟ್ ಪೇಟಿಯ ಗುಂಯ್. ಬಳೆಗಾರನ ಹೆಗಲ ಮೇಲಿನ ಬಳೆಯ ಸರ ಮೆಲ್ಲಗಾಗಿ ದೇವಸ್ಥಾನದ ಗಂಟೆಯಾಯಿತು. ಚಳಿಗೆ ಚಾಲೂ ಆಗದ ಬಸ್ಸಿನ ಕೆಮ್ಮು ಹುಲಿಯಾಯಿತು. ಶಕುಂತಲಾ ಮಾಮಿ ಕೊಣಮಿಗೆ ಎಂಬ ಕಟ್ಟಿಗೆಯ ಮರಿಗೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳವನ್ನು ಹಿಡಿದು, ಮೆಲ್ಲಗೆ ಮಾಡಿ, ಅವರಿಗೇ ಕೇಳಿಸಿದರು: ಧಡ್... ಧಡ್... ಧಡ್.

"ಇದೇನ್ರಿ?" ಎಂದರು ಮಾಮಿ.

"ಹೇಳು ನೋಡೂಣು."

"ಆನಿ ನಡದಂಗ ಅದ."

"ಅದು ನಿನ್ನ ರೊಟ್ಟಿ!"

ಮಾಮಿ ಕೈಯಲ್ಲಿದ್ದ ಹಿಟ್ಟು ಕೊಡವಿದರು. "ಹದಿನೈದು ವರ್ಷ ನನ್ನ ರೊಟ್ಟಿ ತಿಂದು ಇವತ್ತ ಆನಿ ಕಾಲಂತೀರಿ? ನಾಳಿಂದ ಆನೀನೇ ಬಡೀಲಿ ನಿಮಗ ರೊಟ್ಟಿ." ಎರಡು ದಿನ ಮಾಮಾ ನಮ್ಮ ಮನೆಯಲ್ಲಿ ಉಂಡರು. ನನ್ನ ಮೂಗು, ಅವರ ಪೇಟಿಯಿಲ್ಲದ ಕೊರತೆ ನೀಗಿಸಿತು.

ಕಲ್ಯಾಣದ ಕಿಲ್ಲೆಗೂ ಒಮ್ಮೆ ಹೋಗಿದ್ದೆವು. ಮಾಮಾನ ಬೆನ್ನ ಮೇಲೆ ಟೇಪು, ಕೈಯಲ್ಲಿ ಮೈಕು, ಮಹಬೂಬ ಸಾಹೇಬರಿಂದ ಬೇಡಿ ತಂದ ಬ್ಯಾಟರಿ ನನ್ನ ತಲೆಯ ಮೇಲೆ. ಒಳಗೆ ಕಮಾನುಗಳ ಕೆಳಗೆ ಪಾರಿವಾಳಗಳ ಸಂಸಾರ. ಕಾವಲುಗಾರ ಮುದುಕಪ್ಪ ಹಿಂದೆಯೇ ಬಂದ.

"ಏನ್ ಹಿಡಿಯಾಕತ್ತೀರಿ?"

"ಪಾರಿವಾಳ," ಎಂದರು ಮಾಮಾ.

"ಬಲೀ ಎಲ್ಲಿ?"

"ಬಲಿ ಬ್ಯಾಡ್ರಿ. ಸಪ್ಪಳ ಅಷ್ಟೇ ಹಿಡಿಯೋದು."

"ಸಪ್ಪಳ ಹಿಡದು ಏನ್ ಮಾಡ್ತೀರಿ?"

"ಸಾವಕಾಶ ಮಾಡ್ತೀನ್ರಿ."

ಮುದುಕಪ್ಪ ಸ್ವಲ್ಪ ಹೊತ್ತು ಮಾಮಾನನ್ನೂ, ಸ್ವಲ್ಪ ಹೊತ್ತು ಬ್ಯಾಟರಿ ಹೊತ್ತ ನನ್ನನ್ನೂ ನೋಡಿ, "ಮನ್ಯಾಗ ಹಿರ್ಯಾರು ಯಾರೂ ಇಲ್ಲೇನ್ ತಮ್ಮಾ?" ಎಂದು ನನ್ನನ್ನು ಕೇಳಿದ. ಮಾಮಾನಿಗಾಗ ನಲವತ್ತು ದಾಟಿತ್ತು.

ಇಂಥ ಮಾಲು ಕೈಗೆ ಸಿಕ್ಕ ಮೇಲೆ ನಾನು ಸುಮ್ಮನಿರುತ್ತೇನೆಯೇ? ಮಾಮಾನ ಹೊಸ ಸಂಗೀತವನ್ನು ಬಾಯಿಯಲ್ಲೇ ಮಾಡತೊಡಗಿದೆ. ಚಹಾದಂಗಡಿಯಲ್ಲಿ, ಬಸ್ಸಿನಲ್ಲಿ, ಪಾರ್ಟಿಯ ಹುಡುಗರ ನಡುವೆ. ಮೊದಲು ಮಾಮಾನ ಹಾಗೆ ಕಣ್ಣು ಮುಚ್ಚುವುದು, ಗುಂಯ್ ಎನ್ನುವುದು, ನಂತರ ಆನೆ, ಹುಲಿ, ಬಾವಿಯ ಬಸವಣ್ಣ, ಕೊನೆಗೆ ಪೇಟಿಗೆ ಗುದ್ದು. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. "ಸೂರ್ಯಕಾಂತಂದು ಮಾಡಲೇ" ಎಂದು ಚಹಾ ಕೊಡಿಸುತ್ತಿದ್ದರು. ಮಾಮಾನ ಸಂಗೀತವನ್ನು ಊರಲ್ಲಿ ಯಾರೂ ಕೇಳಿರಲಿಲ್ಲ. ನನ್ನ ಅಣಕನ್ನು ಎಲ್ಲರೂ ಕೇಳಿದ್ದರು. ಆಗ ಅದು ನನಗೆ ಬರೀ ತಮಾಷೆಯಾಗಿ ಕಂಡಿತು.

ಮಹಬೂಬ ಸಾಹೇಬರಿಗೆ ಮಾತ್ರ ತಮಾಷೆ ಎನಿಸಲಿಲ್ಲ. ಎರಡು ಮದುವೆಗಳಲ್ಲಿ ಊಟದ ನಡುವೆ ಹುಲಿ ಬಂದು ಮಕ್ಕಳು ಅತ್ತಿದ್ದವು. ಸಾಹೇಬರು ಹುಮನಾಬಾದಕ್ಕೇ ಬಂದು, ಅಂಗಡಿಯೊಳಗೆ ಮೂರನೆಯವರಾಗಿ ಕೂತರು. ನಾನು ಉಸಿರು ಬಿಗಿಹಿಡಿದೆ.

"ದೇಖೋ ಸೂರ್ಯಕಾಂತ ಭಾಯಿ. ಕೊಹಿನೂರ ಹಳ್ಳಿ ಬಾಬುರಾವ ಪಾಟೀಲರ ಮಗಳ ಲಗ್ನ. ಬೀಗರು ಚಿಟಗುಪ್ಪದವರು, ಭಾಳ ನಾಜೂಕು ಮಂದಿ. ಊಟದ ಬಾಜಾ ಅಂದ್ರ ಊಟದ ಬಾಜಾ. ನಿಮ್ಮ ಆನಿ-ಗೀನಿ ಬಂತಂದ್ರ, ಖುದಾ ಕಸಮ್, ಊಟಕ್ಕ ನಾ ಕ್ಯಾಸೆಟ್ ಹಚ್ಚವ. ಈಗ ಎಲ್ಲಾ ಕಡೆ ಕ್ಯಾಸೆಟ್ಟೇ ಹಚ್ಚಾಕತ್ಯಾರ. ನಾ ಒಬ್ಬಾಂವ ನಿಮ್ಮನ್ನ ಇಟಗೊಂಡೀನಿ."

ಮಾಮಾ ತಲೆಯಾಡಿಸಿದರು.

"ಜಾಮೀನು ಯಾರು?"

"ನಾ ಅದೀನ್ರಿ ಸಾಹೇಬ್ರ," ಎಂದೆ. ಸಾಹೇಬರದೇ ದನಿಯಲ್ಲಿ ಹೇಳಿಬಿಟ್ಟೆ. ಅವರು ಕೈಯೆತ್ತಿದರು, ಆದರೆ ಅಂಗಡಿಯಲ್ಲಿ ಹೊಡೆಯುವಷ್ಟು ಜಾಗವಿರಲಿಲ್ಲ.

ಇನ್ನು ಕೊಹಿನೂರಿನ ಕಥೆಗೆ ಮೊದಲು ಗಿರಣಿಯ ವಿಷಯ ಹೇಳಬೇಕು. ಹಳ್ಳಿಯ ಹಿಟ್ಟಿನ ಗಿರಣಿ ಡೀಸೆಲ್ ಇಂಜಿನ್ನಿನ ಮೇಲೆ ನಡೆಯುತ್ತಿತ್ತಲ್ಲ, ಅದರ ಹೊಗೆ ಕೊಳವೆಯ ತುದಿಗೆ ಗಿರಣಿಯವರು ಒಂದು ಡಬ್ಬಿಯನ್ನು ಬೋರಲಾಗಿ ಸಿಕ್ಕಿಸಿರುತ್ತಿದ್ದರು. ಹೊಗೆ ಗುದ್ದಿದಾಗಲೆಲ್ಲ ಅದು 'ಕುಕ್... ಕುಕ್...' ಎಂದು ಇಡೀ ಊರಿಗೆ ಕೂಗಿ ಹೇಳುತ್ತಿತ್ತು: ಗಿರಣಿ ಚಾಲೂ ಆಗಿದೆ, ಬನ್ನಿ. ಆ ಕುಕ್ ಕೇಳಿದ ಕೂಡಲೇ ಹೆಣ್ಣುಮಕ್ಕಳು ಕೈಯಲ್ಲಿದ್ದ ಕೆಲಸ ಕೈಯಲ್ಲೇ ಬಿಟ್ಟು ಜೋಳದ ಬುಟ್ಟಿ ಎತ್ತಬೇಕು. ಮೊದಲು ಬುಟ್ಟಿ ಇಟ್ಟವಳದ್ದು ಮೊದಲ ಪಾಳಿ. ಹಿಂದೆ ಬಿದ್ದವಳು ಸಂಜೆಯತನಕ ಗೋಡೆಗೆ ಆನಿಕೊಂಡು ನಿಲ್ಲಬೇಕು.

ಕೊಹಿನೂರಿನ ಗಿರಣಿ ಗುಂಡಪ್ಪನ ಇಂಜಿನ್ನು ಲಗ್ನಕ್ಕೆ ನಾಲ್ಕು ದಿನ ಮೊದಲೇ ಕೆಟ್ಟು ಕೂತಿತ್ತು. ಊರಲ್ಲಿ ಒಂದು ಮನೆಯಲ್ಲೂ ಹಿಟ್ಟಿರಲಿಲ್ಲ. ಅದರಲ್ಲೂ ಮನೆ ಮನೆಗೆ ಲಗ್ನದ ನೆಂಟರು. ಇದು ನಮಗೆ ಗೊತ್ತಿರಲಿಲ್ಲ. ನಮಗೆ ಗೊತ್ತಿದ್ದದ್ದು ಒಂದೇ: ಪಾಟೀಲರ ಲಗ್ನ ಇಡೀ ಊರಿಗೆ ಕೇಳಬೇಕೆಂದು ಮಹಬೂಬ ಸಾಹೇಬರು ಒಂದು ಭೋಂಗಾವನ್ನು ಹಂದರದ ಬೇವಿನ ಗಿಡಕ್ಕೂ, ಇನ್ನೊಂದನ್ನು ಓಣಿಯ ಆ ತುದಿಗೆ ಗಿರಣಿಯ ಪಕ್ಕದ ಕಂಬಕ್ಕೂ ಕಟ್ಟಿಸಿದ್ದರು.

ಮಧ್ಯಾಹ್ನ ಮೊದಲ ಪಂಗತಿ ಗಂಡಸರದ್ದು. ಮಾಮಾ ಸಭ್ಯಸ್ಥರಂತೆ ಎರಡು ಬೆರಳಿಟ್ಟು ಕಣ್ಣು ಮುಚ್ಚಿದರು. ಬೀಗರು ಹುಗ್ಗಿಗೆ ತುಪ್ಪ ಹಾಕಿಸಿಕೊಂಡು ತಣ್ಣಗಾದರು. ಸಾಹೇಬರು ನನ್ನ ಕಡೆ ನೋಡಿ ಕಣ್ಣು ಹೊಡೆದರು. ಎರಡನೆಯ ಪಂಗತಿ ಹೆಣ್ಣುಮಕ್ಕಳದ್ದು. ಎದುರಿಗೆ ಚಿಟಗುಪ್ಪದ ಬೀಗತಿಯರ ಸಾಲು, ಈಚೆ ಊರವರ ಸಾಲು. ಅವರು ಕೂತು ನಾಲ್ಕು ತುತ್ತು ಉಂಡಿರಬೇಕು. ನಾನು ನೀರು ಕುಡಿದು ಬರುವಷ್ಟರಲ್ಲಿ ಮಾಮಾನ ಇನ್ನೊಂದು ಕೈ ಟೇಪಿನ ಗುಂಡಿಯ ಮೇಲಿತ್ತು.

ಆಮೇಲೆ ಕೇಳಿದಾಗ ಅವರು ಹೇಳಿದ್ದು ಇಷ್ಟು: "ಭಾಳ ಸಣ್ಣಂಗೇ ಬಿಟ್ಟಿದ್ದೆಲೇ. ಆ ಗುಂಯ್ ಕೆಳಗ ಅದೊಂದು ಕೂಡಿದ್ರ ಎಷ್ಟು ಚೆಂದ ಆಗ್ತದಂತ ನೋಡಬೇಕಿತ್ತು." ಮಾಮಿಯ ತವರುಮನೆ ಘಾಟಬೋರಾಳ. ಅಲ್ಲಿಗೆ ಹೋದಾಗ ಅಲ್ಲಿನ ಗಿರಣಿಯ ಸಪ್ಪಳ ಹಿಡಿದು ತಂದಿದ್ದರು. ಅದನ್ನು ಸಾವಕಾಶ ಮಾಡದೆ, ಇದ್ದ ಹಾಗೇ ಬಿಟ್ಟಿದ್ದರು.

ಕುಕ್... ಕುಕ್... ಕುಕ್...

ಓಣಿಯ ಆ ತುದಿಯಿಂದ, ಸರಿಯಾಗಿ ಗಿರಣಿಯ ಪಕ್ಕದಿಂದ ಕೇಳಿತು. ಊರ ಹೆಣ್ಣುಮಕ್ಕಳ ಸಾಲಿನಲ್ಲಿ ಕೈಗಳು ನಿಂತವು. ಒಬ್ಬಾಕೆ ತಲೆ ಎತ್ತಿದಳು. "ಏ ಕಮಳವ್ವ, ಗಿರಣಿ ಹೊಂಟದಲ್ಲೇ!" ಕಮಳವ್ವ ಎಂಬ ಗಟ್ಟಿ ಹೆಣ್ಣುಮಗಳು ಹುಗ್ಗಿಯ ಕೈಯಲ್ಲೇ ಸೆರಗು ಸಿಕ್ಕಿಸಿದಳು. ಅವಳೆದ್ದಳು, ಅಷ್ಟೇ. ಒಂದು ಸಾಲಿಗೆ ಸಾಲೇ ಎದ್ದು ಓಡಿತು. ಬಡಿಸುತ್ತಿದ್ದವರು ಬೋಗುಣಿ ನೆಲಕ್ಕಿಟ್ಟು ಓಡಿದರು. ಮದುಮಗಳ ಚಿಕ್ಕಮ್ಮ "ನನ್ನ ಪಾಳಿ ಹಿಡೀರವ್ವ" ಎಂದು ಕೂಗುತ್ತ ಓಡಿದಳು. ಎಲ್ಲರಿಗಿಂತ ಮುಂದೆ, ಧೋತರ ಎತ್ತಿ ಹಿಡಿದು, ಗಿರಣಿ ಗುಂಡಪ್ಪನೇ ಓಡುತ್ತಿದ್ದ. ಗಿರಣಿಯ ಕೀಲಿ ಅವನ ಉಡಿದಾರದಲ್ಲೇ ಇತ್ತು. ಇಂಜಿನ್ನಿನ ಅರ್ಧ ಹುಮನಾಬಾದದಲ್ಲಿ ಬಿದ್ದಿತ್ತು. ಆದರೂ ಓಡುತ್ತಿದ್ದ, "ಯಾಂವಲೇ ಅಂವ, ನನ್ನ ಗಿರಣಿ ಹೊಡಿಯಾಂವ!" ಎನ್ನುತ್ತ.

ಐದು ನಿಮಿಷದಲ್ಲಿ ಬೀಗ ಜಡಿದ ಗಿರಣಿಯ ಮುಂದೆ ಅರವತ್ತು ಬುಟ್ಟಿ. ತಲೆಗೂದಲಲ್ಲಿ ಅಕ್ಕಿಕಾಳು, ಕೈಯಲ್ಲಿ ಹುಗ್ಗಿ, ಪಾಳಿಗಾಗಿ ಜಗಳ. ಇತ್ತ ಹಂದರದಲ್ಲಿ ಚಿಟಗುಪ್ಪದ ಬೀಗತಿಯರು ಅರ್ಧ ಉಂಡ ಪತ್ರಾವಳಿಗಳ ಖಾಲಿ ಸಾಲಿನೆದುರು ಕೂತಿದ್ದರು. ವರನ ತಾಯಿ ಕೈ ತೊಳೆದುಕೊಳ್ಳಲು ನೀರು ಕೇಳಿದಳು. ಪಂಗತಿಯ ನಡುವೆ ಬೀಗತಿ ನೀರು ಕೇಳಿದಳೆಂದರೆ ಬೀಗರು ಮುನಿದು ಎದ್ದು ಹೊರಟರೆಂದೇ ಅರ್ಥ, ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

"ಬಾಬುರಾವ, ನಿಮ್ಮೂರಾಗ ಬೀಗರಿಗಿಂತ ಹಿಟ್ಟು ದೊಡ್ಡದೇನ್ರಿ?" ಎಂದಳು.

ಪಾಟೀಲರ ಮುಖ ಕಪ್ಪಿಟ್ಟಿತು. ಸಾಹೇಬರು ಟೇಪಿನ ವೈರು ಕಿತ್ತು, ಮೈಕನ್ನು ನನ್ನ ಕೈಗೆ ತುರುಕಿದರು. "ಜಾಮೀನು! ಏನರ ಮಾಡು. ನಗಸು!"

ನಾನು ಮಾಡಿದೆ. ಏನು ಮಾಡಿದೆನೆಂದು ಕೇಳುತ್ತೀರಾ? ಬರುವುದು ಒಂದೇ ಅಲ್ಲವೇ: ಮಾಮಾನನ್ನೇ ಮಾಡಿದೆ. ಕಣ್ಣು ಮುಚ್ಚಿದೆ, ಗುಂಯ್ ಎಂದೆ, ಮಾಮಿಯ ಆನೆಯನ್ನು ನಡೆಸಿದೆ. ಕುಕ್ ಕುಕ್ ಎಂದು ಗುಂಡಪ್ಪನ ಹಾಗೆ ಧೋತರ ಎತ್ತಿ ಅಲ್ಲೇ ಓಡಿದೆ, ಬುಟ್ಟಿ ಹೊತ್ತ ಕಮಳವ್ವನಾದೆ. ವರನ ತಾಯಿ ಮೊದಲು ತುಟಿ ಬಿಗಿಹಿಡಿದಳು, ಆಮೇಲೆ ಮೂಗಿನಲ್ಲಿ ನಕ್ಕಳು, ಆಮೇಲೆ ನೀರಿನ ತಂಬಿಗೆ ಬದಿಗಿಟ್ಟು ಹೊಟ್ಟೆ ಹಿಡಿದಳು. ಬುಟ್ಟಿಯವರು ಬಯ್ಯುತ್ತ ತಿರುಗಿ ಬಂದರು, ಹೊಸ ಪತ್ರಾವಳಿ ಬಿದ್ದವು, ಲಗ್ನ ಉಳಿಯಿತು. ಮಾಮಾ ಮೂಲೆಯಲ್ಲಿ ಟೇಪು ಸುತ್ತುತ್ತ ನನ್ನನ್ನೇ ನೋಡುತ್ತಿದ್ದರು. ಊರವರೆಲ್ಲ ನಕ್ಕದ್ದು ಅವರನ್ನು ನೋಡಿ, ನನ್ನನ್ನಲ್ಲ. ಆಗ ಅದು ನನಗೆ ಮೊದಲ ಸಲ ಕಂಡಿತು. ಕಂಡ ಮೇಲೂ ಬಾಯಿ ನಿಲ್ಲಲಿಲ್ಲ. ಅದಕ್ಕೇ ನನಗೆ ನನ್ನ ಬಾಯಿಯ ಮೇಲೆ ಸಿಟ್ಟು.

ಕಮಳವ್ವ ಮಾತ್ರ ನಗಲಿಲ್ಲ. ಮಾಮಾನ ಮುಂದೆ ಬಂದು ನಿಂತು, "ಎರಡನೇ ಪಾಳಿ ಇತ್ತು ನಂದು. ನಾಲ್ಕು ದಿನ ಆತು ಒಲಿ ಮ್ಯಾಲ ರೊಟ್ಟಿ ಕಂಡಿಲ್ಲ. ನಿನ್ನ ಬಾಜಾ ಸುಟ್ಟು ಬೂದಿ ಆಗಲಿ" ಎಂದು ಹೇಳಿ, ಹೋಗಿ ಉಣ್ಣಲು ಕೂತಳು. ಅವಳ ಹಿಂದೆ ಗುಂಡಪ್ಪ ಬಂದ. ಇವನು ಹೊಡೆಯುತ್ತಾನೆಂದು ನಾನು ನಡುವೆ ನಿಂತೆ. ಗುಂಡಪ್ಪ ನನ್ನನ್ನು ಬದಿಗೆ ಸರಿಸಿ, ಟೇಪನ್ನು ಕಣ್ಣರಳಿಸಿ ನೋಡಿದ.

"ಯಾರ ಇಂಜಿನ್ನು ಅದು?"

"ಘಾಟಬೋರಾಳದ್ದು," ಎಂದರು ಮಾಮಾ.

"ಅನ್ಕೊಂಡೆ. ನಂದಲ್ಲ. ನಂದು ಏಳು ಕುಕ್ಕಿಗೊಮ್ಮೆ ಕೆಮ್ಮತದ. ಓಡೋವಾಗ ಎಣಿಸ್ಕೋತ ಓಡಿದೆ, ಎಂಟಾದ್ರೂ ಕೆಮ್ಮಲಿಲ್ಲ." ಹೀಗೆಂದು ಹೊರಟುಹೋದ.

ಟೆಂಪೋದಲ್ಲಿ ಬರುವಾಗ ಸಾಹೇಬರು ಮುಂದೆ ಕೂತಿದ್ದರು, ಹಿಂದೆ ತಿರುಗಿ ನೋಡಲಿಲ್ಲ. ಆಡಿದ ಮಾತನ್ನು ನಡೆಸಿದರು: ಮುಂದಿನ ಲಗ್ನದಿಂದ ಊಟಕ್ಕೆ ಕ್ಯಾಸೆಟ್. ನಾನು ಮಾಮಾನ ಪಕ್ಕಕ್ಕೆ ಸರಿದು, "ಮಾಮಾ, ಹಂಗ ಮಾಡಬಾರದಿತ್ತು ನಾ" ಎಂದೆ.

"ಹೌದು," ಎಂದರು. "ಆನಿ ಬರೋಬ್ಬರಿ ಬಂತು. ಗುಂಯ್ ಅನ್ನೋದು ಭಾಳ ಮ್ಯಾಲ ಹಿಡದಿ. ಇನ್ನಷ್ಟು ಕೆಳಗ ಇಳೀಬೇಕು." ಭೋಂಗಾಕ್ಕೆ ಒರಗುತ್ತ ಮತ್ತೆ ಅವರೇ, "ಆದ್ರ ಗುಂಡಪ್ಪ ಎಂಟರ ತನಕ ಕೇಳಿದ ನೋಡು" ಎಂದರು. ನನಗೆ ನಗು ಬರಲಿಲ್ಲ. ಬರದೇ ಇದ್ದದ್ದು ಅದೇ ಮೊದಲು ಎನಿಸುತ್ತದೆ.

ಒಂದು ವರ್ಷ ಮಾಮಾ ಬರೀ ರೇಡಿಯೋ ರಿಪೇರಿ ಮಾಡಿದರು. ಟೇಪಿನ ಮೇಲೆ ಬಟ್ಟೆ ಹೊದಿಸಿಟ್ಟರು. ಮಾಮಿಯೇ ಒಮ್ಮೆ ರೊಟ್ಟಿ ಬಡಿಯುತ್ತ, "ಇವತ್ತ ಜರಾ ಜೋರ್ ಬಡಿಯಾಕತ್ತೀನ್ರಿ, ಹಿಡಕೋತೀರೇನು?" ಎಂದು ಕೇಳಿದ್ದರಂತೆ. ಇಲ್ಲವೆಂದರಂತೆ. ಮಾಮಿ ಆವತ್ತು ನಮ್ಮ ಮನೆಗೆ ಬಂದು ಅವ್ವನ ಮುಂದೆ ಅತ್ತು ಹೋದರು.

ಅಂಥ ದಿನಗಳಲ್ಲಿ ಒಂದು ಸಂತೆಯ ದಿನ ಗುಂಡಪ್ಪ ಅಂಗಡಿಗೆ ಬಂದ. ಅವನ ಇಂಜಿನ್ನು ಸತ್ತುಹೋಗಿತ್ತು. ಗಿರಣಿಯತನಕ ಕರೆಂಟ್ ಬಂದದ್ದರಿಂದ ಮೋಟಾರ್ ಕೂಡಿಸಿದ್ದ. ಮೋಟಾರೇನೋ ಚೆನ್ನಾಗಿ ಹಿಟ್ಟು ಮಾಡುತ್ತದೆ, ಆದರೆ ಕುಕ್ ಎನ್ನುವುದಿಲ್ಲ.

"ಮೂಕ ಅದರಿ ಅದು, ಬಾಯಿ ಇಲ್ಲ. ಕರೆಂಟ್ ಯಾವಾಗ ಬರ್ತದ, ಯಾವಾಗ ಹೋಗ್ತದ ಯಾರಿಗೂ ಗೊತ್ತಿಲ್ಲ. ಕರೆಂಟ್ ಇದ್ದಾಗ ನಾ ಒಬ್ಬಾಂವ ಕೂತಿರ್ತೀನಿ. ಹೋದ ಮ್ಯಾಲ ಬುಟ್ಟಿ ತಗೊಂಡು ಬಂದು ನನ್ನ ಹೆಣಾ ತಿಂತಾರ. ಅವತ್ತಿಂದು ಆ ಸಪ್ಪಳ ಅದ ಏನ್ರಿ ನಿಮ್ಮ ಕಡೆ?"

ಮಾಮಾ ಎದ್ದು ಬಟ್ಟೆ ತೆಗೆದರು. ಅದರ ಧೂಳಿಗೆ ಮೂವರೂ ಸೀನಿದೆವು.

ಗಿರಣಿಗೊಂದು ಭೋಂಗಾ ಬೇಕೆಂದು ಸಾಹೇಬರಿಗೆ ಹೇಳಲು ಕಲ್ಯಾಣಕ್ಕೆ ನಾನೇ ಹೋದೆ. ಬಯ್ಯುತ್ತಾರೆಂದು ತಲೆಬಾಗಿಲಲ್ಲೇ ನಿಂತು ಹೇಳಿದೆ. ಅವರು ಕೇಳಿ, ಒಳಗೆ ಹೋಗಿ, ನೆಗ್ಗಿದ ಒಂದು ಹಳೆಯ ಭೋಂಗಾ, ಒಂದು ಕ್ಯಾಸೆಟ್ ಮಷಿನ್ನು ತಂದು ಟೆಂಪೋದಲ್ಲಿಟ್ಟರು. "ಕಂಬಕ್ಕ ಕಟ್ಟಲಿಕ್ಕೆ ನನಗೇ ಬರ್ತದ, ನಿನಗ ಬರಂಗಿಲ್ಲ" ಎಂದು ತಾವೂ ಹತ್ತಿ ಕೂತರು.

ಕ್ಯಾಸೆಟ್ ಮಾಡಲು ಮಾಮಾ ಹದಿನೈದು ದಿನ ತೆಗೆದುಕೊಂಡರು. ಬರೀ ಕುಕ್ ಕುಕ್ ತುಂಬಲು ಅಷ್ಟು ದಿನ ಯಾಕೆಂದು ನನಗೆ ಸಂಶಯವಿತ್ತು, ಆದರೆ ಕೇಳಲಿಲ್ಲ. ಕೊಹಿನೂರಿನಲ್ಲಿ ಒಂದು ಬೆಳಿಗ್ಗೆ ಕರೆಂಟ್ ಬಂದ ಕೂಡಲೇ ಗುಂಡಪ್ಪ ಗುಂಡಿ ಒತ್ತಿದ. ಕುಕ್... ಕುಕ್... ಮೊದಲು ಒಂದು ಬುಟ್ಟಿ ಬಂತು, ಆಮೇಲೆ ನಾಲ್ಕು, ಆಮೇಲೆ ಓಣಿಯೇ ತುಂಬಿತು. ಗುಂಡಪ್ಪನ ಮುಖ ಅರಳಿತು. ಪಾಳಿ ಹಚ್ಚಿದರು, ಜಗಳ ಸುರುವಾಯಿತು. ಆ ಗದ್ದಲದಲ್ಲಿ ಕುಕ್ ಎನ್ನುವುದು ಮೆಲ್ಲಗೆ, ಇನ್ನೂ ಮೆಲ್ಲಗೆ ಆಗುತ್ತ ಹೋಯಿತು. ಅದರಡಿಯಿಂದ ಕರೆಂಟ್ ಪೇಟಿಯ ಗುಂಯ್ ಎದ್ದಿತು. ರೊಟ್ಟಿಯ ಆನೆ ದೂರದಿಂದ ನಡೆದು ಬಂತು. ಕಿಲ್ಲೆಯ ಪಾರಿವಾಳಗಳು ಬಂದವು. ಎಷ್ಟು ಸಾವಕಾಶವೆಂದರೆ, ಹಳೆಯ ಯಾರೋ ಹಿರಿಯರು ಗೋಡೆಯಾಚೆ ಕೂತು ತಮ್ಮಷ್ಟಕ್ಕೆ ಮಾತಾಡಿಕೊಂಡ ಹಾಗೆ.

ಯಾರೂ ತಲೆ ಎತ್ತಲಿಲ್ಲ. ಬುಟ್ಟಿ ಮುಂದೆ ಸರಿಸುವುದು, ಹಿಂದಿನವಳನ್ನು ಬಯ್ಯುವುದು ನಡೆದೇ ಇತ್ತು. ಮಾಮಾ ಗಿರಣಿಯ ಕಟ್ಟೆಯ ಮೇಲೆ ಕೂತು ನೆಲ ನೋಡುತ್ತಿದ್ದರು. ನಾನು ನಗೆಯಾಡಲು ಏನಾದರೂ ಸಿಕ್ಕೀತೇ ಎಂದು ಹುಡುಕಿದೆ, ಸಿಗಲಿಲ್ಲ.

ಆಗ ಗುಂಡಪ್ಪ ಕೂಗಿದ: "ಕಮಳವ್ವ, ನಿಂದು ಪಾಳಿ ಬಂತು. ಇಳಸು ಬುಟ್ಟಿ."

ಕಮಳವ್ವ ಕಂಬದ ಕೆಳಗೆ ನಿಂತಿದ್ದಳು. ತಲೆಯ ಮೇಲೆ ತುಂಬಿದ ಬುಟ್ಟಿ, ಅದಕ್ಕೊಂದು ಕೈ. ಇನ್ನೊಂದು ಕೈ ಸೊಂಟದ ಮೇಲೆ. ಅವಳು ಕೆಳಗಿಳಿಸಲಿಲ್ಲ, ತಿರುಗಿಯೂ ನೋಡಲಿಲ್ಲ.

"ಏ ಯವ್ವ, ನಿನಗೇ ಹೇಳಾಕತ್ತೀನಿ. ಪಾಳಿ ಹೋಗ್ತದ ನೋಡು!"

"ಹೋಗಲಿ ಬಿಡೋ," ಎಂದಳು ಕಮಳವ್ವ, ಭೋಂಗಾದ ಕಡೆಗೆ ಮುಖ ಮಾಡಿಯೇ. "ಮುಗೀಲಿ ತಡಿ."